ಏಳು ಫೂಟಿನ ಮಷೀನು, ಇಪ್ಪತ್ತೈದು ಕುದುರೆ

ಆ ದಿನ ಮಾಡಿದ ಕೆಲಸಗಳು ಇಷ್ಟು. ನಾಲ್ಕೂವರೆಗೆ ಎದ್ದು ಚಾಳಿನ ನಳದ ಸಾಲಿನಲ್ಲಿ ನಿಂತು ಎರಡು ಹಂಡೆ, ಒಂದು ಪೀಪಾಯಿ ನೀರು ತುಂಬಿದೆ. ಇಪ್ಪತ್ತೆರಡು ಜೋಳದ ರೊಟ್ಟಿ ಬಡಿದೆ. ಝುಣಕ ಮಾಡಿ, ಶೇಂಗಾ ಚಟ್ನಿ ಹಾಕಿ ಬುತ್ತಿ ಕಟ್ಟಿದೆ. ಮಗಳ ಜಡೆ ಹೆಣೆದೆ, ಅವಳು ಅತ್ತಳು, ಬಿಚ್ಚಿ ಇನ್ನೊಮ್ಮೆ ಹೆಣೆದೆ. ಹಳೆಯ ಧೋತರದ ತುಂಡನ್ನು ಮೂರು ಮಡಿಕೆ ಮಾಡಿ ಟ್ರ್ಯಾಕ್ಟರಿನ ಡೀಸೆಲ್ ಸೋಸಿದೆ. ರೇಡಿಯೇಟರಿಗೆ ಎರಡು ತಂಬಿಗೆ ನೀರು ಹಾಕಿದೆ. ಮನೆಯ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಗಂಡನ ಪಕ್ಕದ ಮಡ್‌ಗಾರ್ಡಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು, ಡೊಂಬಿವಲಿಯಿಂದ ಕಲ್ಯಾಣ, ಕಲ್ಯಾಣದಿಂದ ಮುರಬಾಡ ರಸ್ತೆಯ ಮಾಳಕ್ಕೆ ಹೋದೆ. ಅಲ್ಲಿ ನಮ್ಮ ಭಾವನವರು ತಂದ ಹುಲ್ಲು ಕೊಯ್ಯುವ ಮಷೀನು ಹುಲ್ಲು ಕೊಯ್ಯದೆ ಇರುವುದನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡಿದೆ. ಸಂಜೆ ಮನೆಗೆ ಬಂದು ಅಡಿಗೆ ಮಾಡಿದೆ.

ಇದನ್ನೆಲ್ಲ ನೆನಪಿನಿಂದ ಬರೆಯುತ್ತಿಲ್ಲ. ಆಗ ನಾನೊಂದು ಲೆಕ್ಕದ ವಹಿ ಇಟ್ಟಿದ್ದೆ. ನನ್ನ ಗಂಡ ಬಟ್ಟೆ ಗಿರಣಿಯ ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಟ್ರ್ಯಾಕ್ಟರು ತಂದಿದ್ದರು. ಎಂಬತ್ತರ ಆಚೀಚಿನ ಮಾತು. ಡೊಂಬಿವಲಿಯಲ್ಲಿ ದಿನಕ್ಕೊಂದು ಬಿಲ್ಡಿಂಗು ಏಳುತ್ತಿತ್ತು. ಭಟ್ಟಿಯಿಂದ ಇಟ್ಟಿಗೆ, ಖಾಡಿಯಿಂದ ರೇತಿ, ಅಂದರೆ ಹಿನ್ನೀರಿನ ಮರಳು, ಹೊತ್ತು ತರುವುದು ಈ ಗಾಡಿಯ ಕೆಲಸ. ಎಷ್ಟು ಖೇಪು ಹೋಗಿ ಬಂತು, ಎಷ್ಟು ಡೀಸೆಲ್ ಕುಡಿಯಿತು, ಯಾವ ಏರಿನಲ್ಲಿ ಯಾವ ಗೇರಿಗೆ ಬಂತು ಎಂದು ದಿನಾ ಸಂಜೆ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಹೀಗೆ ಬರೆದು ಬರೆದು ನನಗೆ ಆ ಗಾಡಿಯ ಸ್ವಭಾವ ನನ್ನ ಅತ್ತೆಯ ಸ್ವಭಾವಕ್ಕಿಂತ ಚೆನ್ನಾಗಿ ತಿಳಿದಿತ್ತು. ಮಾನಪಾಡಾ ರಸ್ತೆಯ ಏರಿನಲ್ಲಿ ಸಾವಿರ ಇಟ್ಟಿಗೆಗೆ ಎರಡನೇ ಗೇರು. ಸಾವಿರದ ಇನ್ನೂರಕ್ಕೆ ಒಂದನೇ ಗೇರು ಮತ್ತು ಕಪ್ಪು ಹೊಗೆ. ಅದರ ಮೇಲೆ ಹೇರುವಂತಿಲ್ಲ. ಅತ್ತೆಯವರಿಗೆ ಇಂಥ ಮಿತಿ ಇರಲಿಲ್ಲ.

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಕಲ್ಯಾಣದಲ್ಲಿ ಹಿಂಡಿ, ಕಣಕಿ, ಒಣಹುಲ್ಲಿನ ಅಂಗಡಿ ಇಟ್ಟವರು. ಬಾಗಲಕೋಟೆ ಕಡೆಯಿಂದ ಇಪ್ಪತ್ತನೇ ವಯಸ್ಸಿಗೆ ಬಂದವರು. ಬಂದ ದಿನದಿಂದ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ಕಲ್ಯಾಣದ ತಬೇಲಾಗಳಲ್ಲಿ ಸಾಲುಸಾಲು ಎಮ್ಮೆ. ಅವುಗಳ ಹೊಟ್ಟೆ ತುಂಬಿಸುವ ಗುತ್ತಿಗೆ ಭಾವನವರದು. ಪ್ರತಿ ವರ್ಷ ಮುರಬಾಡ ರಸ್ತೆಯ ಒಂದು ದೊಡ್ಡ ಮಾಳದ ಹುಲ್ಲನ್ನು ಅವರು ಗುತ್ತಿಗೆಗೆ ಹಿಡಿಯುತ್ತಿದ್ದರು. ದಸರೆಗೆ ಮಳೆ ನಿಲ್ಲುತ್ತದೆ, ಹುಲ್ಲು ಎದೆಯೆತ್ತರ ನಿಂತು ಹಳದಿಗೆ ತಿರುಗುತ್ತದೆ. ಆಗಿನಿಂದ ಹದಿನೈದಿಪ್ಪತ್ತು ದಿನ. ಅಷ್ಟರಲ್ಲಿ ಕೊಯ್ದು ಒಣಗಿಸಿದರೆ ಹುಲ್ಲು. ಆಮೇಲೆ ಕೊಯ್ದರೆ ಕಸಬರಿಗೆ ಕಡ್ಡಿ, ಎಮ್ಮೆ ಕೂಡ ಮುಖ ತಿರುಗಿಸುತ್ತದೆ.

ಕೊಯ್ಯುವವರು ಗುಡ್ಡದ ಬುಡದ ಪಾಡೆಯ, ಅಂದರೆ ಆದಿವಾಸಿ ಕೇರಿಯ, ಹೆಂಗಸರು. ಅವರನ್ನು ಕರೆಯುವುದಕ್ಕೂ ಒಂದು ರೀತಿ ಇತ್ತು. ಹುಲ್ಲು ಹಿಡಿದ ಶೇಟ್ ತಾನೇ ಪಾಡೆಗೆ ಹೋಗಬೇಕು. ತೆಂಗಿನಕಾಯಿ, ವೀಳ್ಯದೆಲೆ ಕೊಟ್ಟು ಗುಂಪಿನ ಮುದುಕಿಯನ್ನು ಕರೆಯಬೇಕು. ಮುದುಕಿ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡಳೆಂದರೆ ಮಾರನೆಯ ದಿನ ಇಪ್ಪತ್ತು ಕುಡಗೋಲು ಮಾಳಕ್ಕೆ ಬಂತು ಎಂದು ಅರ್ಥ. ಭಾವನವರಿಗೆ ಇದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿತ್ತು. ಹೊಟ್ಟೆ ಬಂದಿತ್ತು, ಅದರ ಜೊತೆ ಹೆಸರೂ ಬಂದಿತ್ತು. ಪಾಡೆಯ ಕಾಲುದಾರಿಯಲ್ಲಿ ಎರಡನ್ನೂ ಹೊತ್ತು ನಡೆಯುವುದು ಅವರಿಗೆ ಸೇರುತ್ತಿರಲಿಲ್ಲ.

"ಈ ವರ್ಷ ಯಾರ ಕಾಲೂ ಹಿಡಿಯಂಗಿಲ್ಲ. ಮಷೀನ್ ತರ್ತೀನಿ," ಎಂದರು.

ಎಲ್ಲಿಯೋ ಒಂದು ಫಾರ್ಮಿನ ಹಳೆಯ ಸಾಮಾನು ಹರಾಜಿಗೆ ಬಂದಿತ್ತು. ಅದರಲ್ಲಿ ಹುಲ್ಲು ಕೊಯ್ಯುವ ಮಷೀನು ಎರಡು: ಒಂದು ಐದು ಫೂಟು ಅಗಲ, ಒಂದು ಏಳು ಫೂಟು. ಕಲ್ಯಾಣದ ಇನ್ನೊಬ್ಬ ಹುಲ್ಲಿನ ವ್ಯಾಪಾರಿ, ಭಾವನವರ ಎದುರಾಳಿ, ಐದು ಫೂಟಿನದಕ್ಕೆ ಕೈ ಎತ್ತಿದನಂತೆ. ಭಾವನವರು ಏಳು ಫೂಟಿನದಕ್ಕೆ ಕೈ ಎತ್ತಿದರು. ಅಷ್ಟೇ ಅವರ ಲೆಕ್ಕಾಚಾರ. ಅದನ್ನು ನಡೆಸುವ ಟ್ರ್ಯಾಕ್ಟರು ಎಷ್ಟು ದೊಡ್ಡದಿರಬೇಕು ಎಂದು ಅಲ್ಲಿ ಯಾರೋ ಕೇಳಿದ್ದಕ್ಕೆ, "ನಮ್ಮ ತಮ್ಮಂದು ಐತಿ," ಎಂದರಂತೆ. ಎಷ್ಟು ಕುದುರೆಯದು ಎಂದು ಕೇಳಿದ್ದಕ್ಕೂ, "ಹೇಳಿದ್ನಲ್ಲರೀ, ತಮ್ಮಂದು!" ಎಂದರಂತೆ. ನಮ್ಮ ಮನೆತನದಲ್ಲಿ ಅಶ್ವಶಕ್ತಿಯನ್ನು ಅಳೆಯುವ ಮಾಪು ಅದೇ. ಅಣ್ಣನ ಸಾಮಾನು ದೊಡ್ಡದು, ತಮ್ಮನ ಸಾಮಾನು ಅದನ್ನು ಎಳೆಯುವಂಥದು.

ದಸರೆಗೆ ಎಂಟು ದಿನ ಮೊದಲು ಮಷೀನು ಅಂಗಡಿಯ ಮುಂದೆ ಬಂದು ಕೂತಿತು. ದೊಡ್ಡ ತವೆಯನ್ನು ಬೋರಲು ಹಾಕಿದ ಹಾಗೆ ತಗಡಿನ ಮುಚ್ಚಳ, ಅದರ ಕೆಳಗೆ ಗರಗರ ತಿರುಗುವ ಎರಡು ದಪ್ಪ ಬ್ಲೇಡು, ಮೇಲೆ ಒಂದು ಗೇರಿನ ಡಬ್ಬಿ. ನಮ್ಮ ಕಡೆಯ ಕಿರಾಣಿಯವರು, ಅರಿವೆ ಅಂಗಡಿಯವರು, ಸ್ಟೇಷನ್ ಎದುರಿನ ಹೋಟೆಲಿನ ಉಡುಪಿ ರಾಯರು ಎಲ್ಲರೂ ಬಂದು ನೋಡಿದರು. ಅರಿವೆಯವರು ತಮ್ಮ ಗಜದ ಪಟ್ಟಿಯಿಂದ ಅಳೆದೇ ನೋಡಿದರು. "ಏಳಕ್ಕ ಒಂದ್ ಬೆರಳ ಜಾಸ್ತೀನ ಐತ್ರೀ," ಎಂದರು. ಭಾವನವರಿಗೆ ಆ ಒಂದು ಬೆರಳು ಮೂರನೇ ಮಗ ಹುಟ್ಟಿದಷ್ಟು ಸಂತೋಷ ಕೊಟ್ಟಿತು. ಖಂಡೆಪೂಜೆಯ ದಿನ ಮಷೀನಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಹೂರಣದ ಹೋಳಿಗೆ ನೈವೇದ್ಯ. ಅದು ಇನ್ನೂ ಒಂದು ಎಸಳು ಹುಲ್ಲು ಕೊಯ್ದಿರಲಿಲ್ಲ. ನನ್ನ ತವೆ ಹದಿನೆಂಟು ವರ್ಷದಿಂದ ರೊಟ್ಟಿ ಬೇಯಿಸುತ್ತಿತ್ತು. ಅದಕ್ಕೆ ಒಂದು ಬೊಟ್ಟು ಕುಂಕುಮ ನಾನೇ ಹಚ್ಚಿದೆ.

ಮಾರನೆಯ ದಿನ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎಂದಾದ ಮೇಲೆ ಮಷೀನನ್ನು ನಮ್ಮ ಟ್ರ್ಯಾಕ್ಟರಿಗೆ ಜೋಡಿಸಿದರು. ಜನ ನೆರೆದಿತ್ತು. ನನ್ನ ಗಂಡ ಲಿಫ್ಟಿನ ಹಿಡಿಕೆ ಎತ್ತಿದರು. ಹಿಂದೆ ಮಷೀನು ಏಳಬೇಕಿತ್ತು; ಅದು ನೆಲದ ಮೇಲೆಯೇ ಉಳಿಯಿತು. ಎದ್ದದ್ದು ಟ್ರ್ಯಾಕ್ಟರಿನ ಮುಂದಿನ ಎರಡು ಗಾಲಿ, ನೆಲದಿಂದ ಒಂದು ಗೇಣು ಮೇಲಕ್ಕೆ.

"ನೋಡ್ರಿ ನೋಡ್ರಿ," ಎಂದರು ಭಾವನವರು ಒಂದಿಷ್ಟೂ ಅಳುಕದೆ, "ನಮಸ್ಕಾರ ಮಾಡಾಕತ್ತೈತಿ!"

ನೆರೆದವರು ನಕ್ಕರು. ನನ್ನ ಗಂಡ ನಗಲಿಲ್ಲ. ಭಾವನವರು ಅಂಗಡಿಯಿಂದ ಮೂರು ಚೀಲ ಹಿಂಡಿ ತರಿಸಿ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿಸಿದರು. ಗಾಲಿ ನೆಲಕ್ಕೆ ಬಂತು. "ಆತಲ್ಲ? ಇಷ್ಟಕ್ಕ ಯಾಕ ಮಾರಿ ಸಣ್ಣದ ಮಾಡ್ಕೊಂಡ್ ನಿಂತಿ?" ಎಂದು ತಮ್ಮನಿಗೆ ಹೇಳಿದರು.

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಅಣ್ಣನ ಮುಂದೆ ಇದ್ದ ಮಾತೂ ಹೋಗುತ್ತಿತ್ತು. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ನಾನೇ ಹೇಳಿ, ಇಬ್ಬರೂ ಡೊಂಬಿವಲಿಯ ಫ್ಯಾಕ್ಟರಿ ಏರಿಯಾದ ನಮ್ಮ ಮೆಕ್ಯಾನಿಕನ ಶೆಡ್ಡಿಗೆ ಹೋದೆವು. ಅವರು ಕುಂದಾಪುರದ ಕಡೆಯವರು. ಗಾಡಿಯ ಹೊಟ್ಟೆಯೊಳಗೆ ತಲೆ ಇಟ್ಟುಕೊಂಡೇ ಮಾತಾಡುವ ಅಭ್ಯಾಸ.

"ಎಂತ ಮಾರಾಯ್ರೆ, ಏಳು ಫೂಟಾ? ಈ ಗಾಡಿಗಾ?" ಎಂದು ತಲೆ ಹೊರಗೆ ತೆಗೆದರು. ಅಲ್ಲಿಗೇ ನನಗೆ ಅರ್ಧ ಉತ್ತರ ಸಿಕ್ಕಿತು.

"ಬಾನೆಟ್ಟಿನ ಮೇಲೆ ಇಪ್ಪತ್ತೈದು ಅಂತ ಬರದೈತೆಲ್ಲ," ಎಂದರು ನನ್ನ ಗಂಡ.

"ಅದು ಎಂಜಿನಿನ ಲೆಕ್ಕ. ಮಷೀನು ತಿರುಗುವುದು ಹಿಂದಿನ ಶಾಫ್ಟಿನಿಂದ ಅಲ್ವಾ? ಗೇರು ಗೀರು ಎಲ್ಲ ತಿಂದು ಅಲ್ಲಿಗೆ ಮುಟ್ಟುವಾಗ ಇಪ್ಪತ್ತು ಕುದುರೆ ಉಳಿದ್ರೆ ನಿಮ್ಮ ಪುಣ್ಯ. ಹುಲ್ಲು ಎಷ್ಟು ಎತ್ತರ?"

"ಎದಿ ಮಟ."

"ದಟ್ಟವಾ ತೆಳುವಾ?"

"ಹಾವು ಹೋದ್ರ ಕಾಣಂಗಿಲ್ಲ."

"ಹಾಗಾದ್ರೆ ಅಗಲದ ಒಂದೊಂದು ಫೂಟಿಗೆ ಐದು ಕುದುರೆ ಇಟ್ಕೊಳ್ಳಿ. ಇಪ್ಪತ್ತನ್ನು ಐದರಿಂದ ಭಾಗ ಮಾಡಿ."

"ನಾಲ್ಕು," ಎಂದೆ ನಾನು.

"ನಾಲ್ಕೇ. ತೆಳು ಹುಲ್ಲಾದ್ರೆ ಐದು ಫೂಟು ಎಳೀತದೆ. ಐದಾದ್ರೆ ಇನ್ನೂ ಒಳ್ಳೇದು, ಹಿಂದಿನ ಎರಡು ಟಯರಿನ ಹೊರಮೈಯಷ್ಟಾದ್ರೂ ಅಗಲ ಬೇಕು. ಇಲ್ಲದಿದ್ರೆ ಟಯರು ತುಳಿದ ಹುಲ್ಲು ಮಲಗಿ ಹಾಗೇ ಉಳೀತದೆ. ಆ ಐದು ಫೂಟಿನದು ಯಾರು ತಗೊಂಡದ್ದು?"

"ಬ್ಯಾರೆಯವ್ರು."

"ಅವರು ಬುದ್ಧಿವಂತರು. ಏಳಕ್ಕೆ ನಲವತ್ತರ ಹತ್ತಿರದ ಗಾಡಿ ಬೇಕು. ಇದಕ್ಕೆ ಕಟ್ಟಿದ್ರೆ ಕ್ಲಚ್ಚು ಸುಡ್ತದೆ. ನಿಮ್ಮ ಗಾಡಿಗೆ ಇರೋದು ಒಂದೇ ಕ್ಲಚ್ಚು, ಚಕ್ರಕ್ಕೂ ಅದೇ, ಶಾಫ್ಟಿಗೂ ಅದೇ. ಸುಟ್ರೆ ಗಾಡಿ ಎರಡು ತಿಂಗಳು ನನ್ನ ಶೆಡ್ಡಲ್ಲಿ. ಈ ಮಾಡೆಲಿನ ಪಾರ್ಟು ಸಿಗುದಿಲ್ಲ."

ನನ್ನ ಗಂಡ ನನ್ನ ಮುಖ ನೋಡಿದರು. ಬರುವ ಗುರುವಾರದಿಂದ ಒಂದು ಹೊಸ ಬಿಲ್ಡಿಂಗಿಗೆ ಇಟ್ಟಿಗೆ ಸಾಗಿಸಲು ಒಪ್ಪಿಕೊಂಡಿದ್ದರು. ದೀಪಾವಳಿ ದಾಟಿ ಸಂಕ್ರಾಂತಿಯವರೆಗಿನ ಕೆಲಸ. ಗುರುವಾರ ಭಟ್ಟಿಯಲ್ಲಿ ನಮ್ಮ ಗಾಡಿ ಕಾಣದಿದ್ದರೆ ಶುಕ್ರವಾರ ಅಲ್ಲಿ ಇನ್ನೊಬ್ಬನ ಗಾಡಿ ನಿಂತಿರುತ್ತದೆ. ಆ ಗಾಡಿ ನಮಗೆ ಒಲೆ. ಅದು ಶೆಡ್ಡಿಗೆ ಹೋದರೆ ಒಲೆ ಶೆಡ್ಡಿಗೆ ಹೋದ ಹಾಗೆ.

"ಮಾಡಲೇಬೇಕಾದ್ರೆ ಒಂದು ದಾರಿ ಉಂಟು," ಎಂದರು ಮೆಕ್ಯಾನಿಕ್. "ಏಳರಲ್ಲಿ ಅರ್ಧ ಮಾತ್ರ ನಿಂತ ಹುಲ್ಲಿಗೆ ಕೊಡಿ. ಉಳಿದರ್ಧ ಮೊದಲೇ ಕೊಯ್ದ ಜಾಗದ ಮೇಲೆ ಹೋಗ್ಲಿ. ಕೆಳಗಿನ ಗೇರು, ಬ್ಲೇಡು ಸ್ವಲ್ಪ ಎತ್ತರಕ್ಕೆ. ನಿಧಾನ ಆಗ್ತದೆ, ಆದ್ರೆ ಗಾಡಿ ಉಳೀತದೆ."

ನಾನು ಇದನ್ನು ಭಾವನವರಿಗೆ ಹೇಳಲು ಪ್ರಯತ್ನಿಸಿದೆ. ಅವರ ಅಂಗಡಿಗೆ ಹೋಗಿ, ತಲೆಯ ಮೇಲೆ ಸೆರಗು ಹೊದ್ದು, ಕಂಬದ ಮರೆಯಿಂದ ಹೇಳಿದೆ: ಸಾವಿರದ ಇನ್ನೂರು ಇಟ್ಟಿಗೆಯ ಮೇಲೆ ನಮ್ಮ ಗಾಡಿ ಹತ್ತುವುದಿಲ್ಲ, ದಟ್ಟ ಹುಲ್ಲಿನಲ್ಲಿ ಈ ಮಷೀನು ಎಳೆಯುವುದು ಅದಕ್ಕಿಂತ ಭಾರ, ಮೆಕ್ಯಾನಿಕ್ ಹೀಗೆ ಹೇಳಿದರು ಎಂದು.

ಭಾವನವರು ಪೂರ್ತಿ ಕೇಳಿದರು, ಇದೇ ಮೊದಲ ಸಲ. ಆಮೇಲೆ ಕರುಣೆಯಿಂದ ನಕ್ಕು, "ಯವ್ವಾ, ಇಟ್ಟಂಗಿ ಬ್ಯಾರೆ, ಹುಲ್ಲು ಬ್ಯಾರೆ. ಹುಲ್ಲು ಹಗೂರ ಇರತೈತವ್ವಾ!" ಎಂದರು.

ಅಂಗಡಿಯಲ್ಲಿ ಕೂತಿದ್ದ ನಾಲ್ವರೂ ತಲೆಯಾಡಿಸಿದರು. ಹುಲ್ಲು ಹಗುರ, ಇದನ್ನು ಯಾವ ಕೋರ್ಟಿನಲ್ಲೂ ಅಲ್ಲಗಳೆಯಲಾಗದು.

ಹೀಗೆ ಆ ಸೋಮವಾರ ನಾವು ಮಾಳ ಸೇರಿದೆವು. ಭಾವನವರು ಮೊದಲೇ ಬಂದು, ಬಿಳಿ ಟೊಪ್ಪಿಗೆ, ಕೋಟು ಹಾಕಿಕೊಂಡು, ಹುಣಸೆಮರದ ಕೆಳಗೆ ಖುರ್ಚಿ ಹಾಕಿಸಿಕೊಂಡು ಕೂತಿದ್ದರು. ಖುರ್ಚಿಯನ್ನೂ ಕಲ್ಯಾಣದಿಂದ ತಂದಿದ್ದರು. ಮುಂದೆ ಹುಲ್ಲು ಗಾಳಿಗೆ ಓಲಾಡುತ್ತಿತ್ತು. ಸ್ವಲ್ಪ ದೂರದಲ್ಲಿ ಪಾಡೆಯ ಏಳೆಂಟು ಹೆಂಗಸರು ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದರು, ನಡುವೆ ಆ ಮುದುಕಿ. ಅವರನ್ನು ಯಾರೂ ಕರೆದಿರಲಿಲ್ಲ. ತಮಾಷೆಗೆ ಕರೆ ಬೇಕಾಗುವುದಿಲ್ಲ.

ಭಾವನವರು ಕಾಯಿ ಒಡೆದರು. ಟ್ರ್ಯಾಕ್ಟರು ಹೊರಟಿತು, ಮೂತಿಗೆ ಹಿಂಡಿಯ ಚೀಲ, ಬೆನ್ನಿಗೆ ಏಳು ಫೂಟು. ನನ್ನ ಗಂಡ ಶಾಫ್ಟು ಹಾಕಿ ಹುಲ್ಲಿನೊಳಗೆ ನುಗ್ಗಿಸಿದರು. ಹತ್ತು ಮಾರು ಹೋಗಿರಬಹುದು. ಎಂಜಿನಿನ ಸದ್ದು ದೊಡ್ಡ ಗಂಡಸು ಅಳುವುದನ್ನು ತಡೆದುಕೊಂಡ ಹಾಗೆ ಒಳಕ್ಕೆ ಇಳಿಯಿತು, ಕಪ್ಪು ಹೊಗೆ ಬಂತು, ಗಾಡಿ ಕೆಮ್ಮಿ ನಿಂತಿತು.

ಹಿಂದೆ ನೋಡಿದರೆ ಆ ಹತ್ತು ಮಾರಿನ ಹುಲ್ಲು ಅರ್ಧ ಕೊಯ್ದು, ಅರ್ಧ ಬಾಗಿ, ಅರ್ಧ ಹಾಗೇ ನಿಂತಿತ್ತು. ಮೂರು ಅರ್ಧ ಹೇಗೆ ಎಂದು ಕೇಳಬೇಡಿ, ಆ ಹುಲ್ಲು ನೋಡಿದ್ದರೆ ಕೇಳುತ್ತಿರಲಿಲ್ಲ.

"ಡೀಸೆಲ್‌ನ್ಯಾಗ ನೀರ್ ಐತಿ," ಎಂದರು ಭಾವನವರು ಖುರ್ಚಿಯಿಂದಲೇ.

"ಡೀಸೆಲ್ ನಾನ ಸೋಸೀನ್ರಿ," ಎಂದೆ.

"ಹಂಗಾರ ನಿನ್ನ ಅರಿವ್ಯಾಗ ನೀರ್ ಇತ್ತು."

ಇನ್ನೊಮ್ಮೆ ಸ್ಟಾರ್ಟು, ಇನ್ನೊಮ್ಮೆ ನಿಂತಿತು. ಈ ಸಲ ದೃಷ್ಟಿಯಾಗಿದೆ ಎಂದರು, ಹೆಂಗಸರ ಗುಂಪಿನ ಕಡೆ ನೋಡಿ. ಮೂರನೇ ಸಲ ಟ್ರ್ಯಾಕ್ಟರಿನ ಕಂಪನಿಯೇ ಮೋಸದ್ದು ಎಂದರು. ನಾಲ್ಕನೇ ಸಲಕ್ಕೆ, "ನಿನಗ ಹೊಡಿಯಾಕ ಬರಂಗಿಲ್ಲೋ, ಇಟ್ಟಂಗಿ ಹೊತ್ತು ಹೊತ್ತು ಕೈ ಕತ್ತಿ ಕಾಲಾಗ್ಯಾವ," ಎಂದು ತಮ್ಮನಿಗೆ ಹೇಳಿದರು. ತಪ್ಪು ಯಾರದಾದರೂ ಆಗಬಹುದು, ಏಳು ಫೂಟಿನದಲ್ಲ.

ಗುಂಪಿನಿಂದ ಮುದುಕಿ ಕೂಗಿದಳು: "ಕಾಯ ಶೇಟ, ಮಷೀನ ದಮಲೀ ಕಾ?" ಮಷೀನು ದಣಿಯಿತೇ ಎಂದು. ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಭಾವನವರು ಕೇಳಿಸದವರ ಹಾಗೆ ಟೊಪ್ಪಿಗೆ ಸರಿಮಾಡಿಕೊಂಡರು.

ಆಗ ನನ್ನ ಗಂಡ ಯಾರಿಗೂ ಹೇಳದೆ ಮೆಕ್ಯಾನಿಕ್ ಹೇಳಿದ ಹಾಗೆ ಮಾಡಿದರು. ಗಾಡಿಯನ್ನು ಹುಲ್ಲಿನ ಅಂಚಿಗೆ ತಂದು, ಮಷೀನಿನ ಅರ್ಧವನ್ನು ಮಾತ್ರ ಹುಲ್ಲಿಗೆ ಕೊಟ್ಟು, ಬ್ಲೇಡು ಎತ್ತರಿಸಿ, ಒಂದನೇ ಗೇರಿನಲ್ಲಿ ಬಿಟ್ಟರು. ಎಂಜಿನು ಹದವಾಗಿ ಹಾಡಿತು. ಮಾಳದ ಆ ತುದಿಯವರೆಗೆ ಹೋಗಿ ತಿರುಗಿ ಬಂತು. ಮೂರೂವರೆ ಫೂಟಿನ ಒಂದು ಪಟ್ಟಿ, ಸಾಫಾಗಿ. ನನ್ನ ಎದೆಯಿಂದ ಕಲ್ಲು ಇಳಿಯಿತು. ಹೀಗೆಯೇ ಹೋಗುತ್ತಿದ್ದರೆ ಬುಧವಾರದೊಳಗೆ ಕಾಲುಭಾಗವಾದರೂ ಆಗುತ್ತಿತ್ತು, ಗುರುವಾರ ಗಾಡಿ ಭಟ್ಟಿಯಲ್ಲಿ ಇರುತ್ತಿತ್ತು, ಅಣ್ಣ ತಮ್ಮಂದಿರು ನಗುನಗುತ್ತ ದೀಪಾವಳಿ ಮಾಡುತ್ತಿದ್ದರು.

ಎರಡನೇ ಪಟ್ಟಿ ಮುಗಿಯುವಾಗ ಭಾವನವರು ಖುರ್ಚಿಯಿಂದ ಎದ್ದರು.

"ಏ ತಮ್ಮಾ! ಅರ್ಧ ಮಷೀನ್ ಹುಲ್ಲಿಲ್ಲದ ಜಾಗದಾಗ ಹೊಂಟೈತೆಲ್ಲೋ?"

"ಹೌದಣ್ಣಾ. ಅಷ್ಟ ತಡೀತೈತಿ."

"ಮೂರೂವರಿ ಫೂಟ್ ಕೊಯ್ಯಾಕ ನಾ ಏಳು ಫೂಟ್ ಯಾಕ ತರ್ತಿದ್ದೆ? ಅಂವ ಐದು ಕೊಯ್ತಾನ, ನಾ ಮೂರೂವರಿ ಕೊಯ್ಲೇನು? ಕಲ್ಯಾಣದಾಗ ಮಾರಿ ಹ್ಯಾಂಗ ತೋರಸ್ಲಿ? ಏಳು ತಂದೀನಿ, ಏಳ ಕೊಯ್ಯೂದು."

"ಅಣ್ಣಾ, ಕ್ಲಚ್ಚು..."

"ರೇಸ್ ಕೊಡೋ! ರೇಸ್ ಕೊಟ್ರ ಎಲ್ಲಾ ಹೊಕ್ಕೈತಿ!"

ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಗಾಡಿಯನ್ನು ಹುಲ್ಲಿನ ನಡುವಿಗೆ ತಿರುಗಿಸಿದರು. ಆ ಕಡೆ ಮಾಳ ಸ್ವಲ್ಪ ಏರು. ಏಳು ಫೂಟೂ ಹುಲ್ಲಿನೊಳಗೆ ಹೋಯಿತು. ಭಾವನವರು ಪಕ್ಕದಲ್ಲಿ ಧೋತರ ಎತ್ತಿ ಹಿಡಿದು ಓಡುತ್ತ "ರೇಸ್! ರೇಸ್!" ಎಂದು ಕೂಗುತ್ತಿದ್ದರು, ಬಂಡಿ ಓಟದಲ್ಲಿ ಎತ್ತಿಗೆ ಕೂಗಿದ ಹಾಗೆ. ಎತ್ತಿಗೆ ಆದರೆ ಸಿಟ್ಟಾದರೂ ಬರುತ್ತದೆ, ಎಂಜಿನಿಗೆ ಬರುವುದು ಕಾವು ಮಾತ್ರ. ಗಾಡಿ ಆನೆಯ ಹಾಗೆ ಕೂಗಿತು, ಆದರೆ ಮುಂದೆ ಹೋಗಲಿಲ್ಲ. ಗಾಳಿಯಲ್ಲಿ ಒಂದು ವಾಸನೆ ಬಂತು, ಕೂದಲು ಸುಟ್ಟು ಅದರ ಮೇಲೆ ಇಂಗು ಉದುರಿಸಿದ ಹಾಗೆ.

ಆ ವಾಸನೆ ಏನೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ತಿಳಿಯಿತು. ನಾನು ಎದ್ದು ನಿಂತೆ, "ರೀ!" ಎಂದು ಕೂಗಿದೆ. ಭಾವನವರ ಎದುರಿಗೆ ನಾನು ಗಂಡನನ್ನು ಹಾಗೆ ಕೂಗಿದ್ದು ಅದೇ ಮೊದಲು.

ಅಷ್ಟರಲ್ಲಿ ಎಂಜಿನಿನ ಸದ್ದು ನಿಂತಿತು. ನಿಂತುಹೋದದ್ದಲ್ಲ, ಅವರೇ ಗುಂಡಿ ಎಳೆದು ಬಂದ್ ಮಾಡಿದ್ದರು. ಕೆಳಗೆ ಇಳಿದು, ಬಗ್ಗಿ, ಗಾಡಿಯ ಹೊಟ್ಟೆಯ ಹತ್ತಿರ ಮೂಗು ಒಯ್ದು ನೋಡಿದರು. ಆಮೇಲೆ ಪಾನಾ ತೆಗೆದು ಶಾಫ್ಟು ಬಿಚ್ಚತೊಡಗಿದರು.

"ಯಾಕ ಬಂದ್ ಮಾಡ್ದಿ? ಏನ್ ಬಿಚ್ಚಾಕತ್ತಿ?" ಎಂದು ಭಾವನವರು ಏದುಸಿರಿನಲ್ಲಿ ಕೇಳಿದರು.

ನನ್ನ ಗಂಡ ಮಷೀನನ್ನು ಗಾಡಿಗೆ ಹಿಡಿದಿದ್ದ ಒಂದು ಪಿನ್ನು ತೆಗೆದು ಕಿಸೆಗೆ ಹಾಕಿದರು. ಇನ್ನೊಂದು ತೆಗೆದರು. ತಲೆ ಎತ್ತದೆಯೇ ಹೇಳಿದರು:

"ಅಣ್ಣಾ, ಗಾಡಿ ನಂದು."

"ಏನಂದಿ?"

"ಗಾಡಿ ನಂದು. ಮಷೀನ್ ನಿಂದು. ನಿಂದು ಇಲ್ಲೇ ಇರ್ಲಿ, ನಂದು ನಾ ಒಯ್ತೀನಿ. ಗುರುವಾರ ಭಟ್ಟಿಗೆ ಹೋಗೂದೈತಿ."

ನಲವತ್ತು ವರ್ಷದಲ್ಲಿ ತಮ್ಮ ಆಡಿದ ಅತಿ ಉದ್ದದ ಮಾತು ಅದು. ಭಾವನವರು ಸುತ್ತ ನೋಡಿದರು, ಸಾಕ್ಷಿಗೆ ಯಾರಾದರೂ ಸಿಗುತ್ತಾರೇನೋ ಎಂಬಂತೆ. ಸಿಕ್ಕವರು ಆ ಏಳೆಂಟು ಹೆಂಗಸರು.

"ಮತ್ತ ಹುಲ್ಲು?" ಎಂದರು ಕೊನೆಗೆ. "ಹುಲ್ಲು ಏನ್ ಹಲ್ಲಿಲೆ ಕೊಯ್ಲೇನು ನಾನು?"

ಮುದುಕಿ ಎದ್ದು ಬಂದಳು. ಮಷೀನು ಕೊಯ್ದ ಪಟ್ಟಿಯಿಂದ ಒಂದು ಹಿಡಿ ಹುಲ್ಲು ಎತ್ತಿ ನೋಡಿದಳು. ಬ್ಲೇಡು ಅದನ್ನು ಮೊಳದುದ್ದ, ಗೇಣುದ್ದ ತುಂಡು ಮಾಡಿತ್ತು. ಪೆಂಡಿ ಕಟ್ಟಲು ಬರುವಂತಿರಲಿಲ್ಲ. ಅವಳು ಮರಾಠಿಯಲ್ಲಿ, ನಿಧಾನವಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು: "ಶೇಟ, ನಿಮ್ಮ ಮಷೀನು ಅರ್ಧ ಅಗಿದೇ ಕೊಟ್ಟಿದೆ. ನಿಮ್ಮ ಎಮ್ಮೆಗಳಿಗೆ ಹಲ್ಲು ಬಿದ್ದಿವೆಯೇನು?"

ಭಾವನವರು ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ ಎಂದು ಅಪ್ಪಣೆಯ ಧಾಟಿಯಲ್ಲೇ ಹೇಳಿದರು. ಮುದುಕಿ ಕೈಯ ಹುಲ್ಲು ಕೆಳಗೆ ಬಿಟ್ಟು, "ಪಾಡೆಯ ದಾರಿ ಶೇಟಗೆ ಗೊತ್ತಿದೆ," ಎಂದು ತಿರುಗಿ ನಡೆದಳು. ಹಿಂದೆಯೇ ಉಳಿದವರೂ ನಡೆದರು.

ನಾವು ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಭಾವನವರು ಒಂದು ರೊಟ್ಟಿ ತಿಂದರು, ಎರಡನೆಯದನ್ನು ಮುರಿದು ಹಾಗೇ ಹಿಡಿದು ಕೂತರು. ಮಾಳದ ಹುಲ್ಲು ದಿನ ಎಣಿಸುತ್ತಿತ್ತು, ತಬೇಲಾದವರು ಕಾಯುವವರಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ, ಬೆಳಿಗ್ಗೆ ಮಷೀನಿಗೆ ಒಡೆದ ಕಾಯಿಯ ಹೋಳು ಎಲ್ಲಿದೆ ಎಂದು ಕೇಳಿದರು.

"ಒಡದ ಕಾಯಿ ನಡಿಯಂಗಿಲ್ಲರೀ ಭಾವ," ಎಂದೆ. "ಇಡೀದ ಬೇಕು." ಹೇಳುವಾಗ ನನಗೆ ಸ್ವಲ್ಪ ಸುಖವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ರಸ್ತೆಯ ಅಂಗಡಿಯಿಂದ ನನ್ನ ಗಂಡ ಒಂದು ಕಾಯಿ, ಎಲೆ ಅಡಿಕೆ ತಂದರು. ಭಾವನವರು ಕೋಟಿನ ಗುಂಡಿ ಹಾಕಿಕೊಂಡು ಪಾಡೆಗೆ ಇಳಿದರು, ನಾವು ಹಿಂದೆ. ಮುದುಕಿ ತನ್ನ ಗುಡಿಸಲಿನ ಮುಂದೆ ಕುಡಗೋಲು ಮಸೆಯುತ್ತ ಕೂತಿದ್ದಳು, ಇವರು ಬರುವುದು ಬೆಳಿಗ್ಗೆಯೇ ಗೊತ್ತಿದ್ದವರ ಹಾಗೆ. ಕಾಯಿ ತೆಗೆದುಕೊಂಡಳು, ಅಡಿಕೆ ಬಾಯಿಗೆ ಹಾಕಲಿಲ್ಲ. ಒಂದು ಷರತ್ತು ಹೇಳಿದಳು. ಪಾಡೆಯಿಂದ ಮಾಳಕ್ಕೆ, ಮಾಳದಿಂದ ಪಾಡೆಗೆ ದಿನಾ ಟ್ರ್ಯಾಲಿಯಲ್ಲಿ ಕರೆದೊಯ್ಯಬೇಕು; ಈ ಸಲ ನಡೆದು ಬರುವುದಿಲ್ಲ. ನನ್ನ ಗಂಡ ಅಣ್ಣನನ್ನು ಕೇಳದೆಯೇ, ಬುಧವಾರದವರೆಗೆ ನಾನು ಕರೆತರುತ್ತೇನೆ, ಆಮೇಲೆ ಅಣ್ಣ ಬಾಡಿಗೆ ಗಾಡಿ ಕಳಿಸುತ್ತಾನೆ ಎಂದು ಒಪ್ಪಿಕೊಂಡರು. ಅಣ್ಣನನ್ನು ಮೀರಿ ಮಾತಾಡಿದ್ದು ಒಂದೇ ದಿನದಲ್ಲಿ ಎರಡನೇ ಸಲ. ಇಪ್ಪತ್ತು ಹೆಂಗಸರ ಟ್ರ್ಯಾಲಿ ಆ ಗಾಡಿಗೆ ಭಾರವೇ ಅಲ್ಲ, ಮೂರನೇ ಗೇರಿನಲ್ಲಿ ಹೋಗುತ್ತದೆ. ಮುದುಕಿ ಅಡಿಕೆ ಬಾಯಿಗೆ ಹಾಕಿಕೊಂಡಳು.

ಮಷೀನು ಮಾಳದಲ್ಲೇ ಉಳಿಯಿತು. ಕೊಯ್ಲು ಮುಗಿಯುವವರೆಗೆ ಅದರ ತಗಡಿನ ಮೇಲೆ ಆ ಹೆಂಗಸರು ನೀರಿನ ಗಡಿಗೆ ಇಡುತ್ತಿದ್ದರಂತೆ. ಕೈಗೆ ಹತ್ತಿರ, ನೆಲದಿಂದ ಎತ್ತರ, ಇರುವೆ ಹತ್ತುವುದಿಲ್ಲ.

ವಾಪಸು ಬರುವಾಗ ಗಾಡಿ ಒಂದೆರಡು ಕಡೆ ಜಗ್ಗಿತು, ಆದರೆ ಬಂತು. ದಾರಿಯಲ್ಲಿ ಮೆಕ್ಯಾನಿಕನ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಅವರು ಮೂಸಿದರು, ಪೆಡಲು ಒತ್ತಿದರು, ಒಂದು ಬೋಲ್ಟು ತಿರುಗಿಸಿದರು. "ಇನ್ನು ಕಾಲು ಗಂಟೆ ಮಾಡಿದ್ರೆ ಹೋಗಿತ್ತು ಮಾರಾಯ್ರೆ. ಈಗ ಅಡ್ಡಿಲ್ಲ, ಇಟ್ಟಿಗೆ ಹೊರ್ತದೆ. ಒಂದು ವಾರ ಸಾವಿರದ ಮೇಲೆ ಹಾಕ್ಬೇಡಿ," ಎಂದರು. ನಾನು ಅದನ್ನು ವಹಿಯಲ್ಲಿ ಬರೆದುಕೊಂಡೆ.

ಕಲ್ಯಾಣದಲ್ಲಿ ಭಾವನವರು ಇಳಿಯಬೇಕಿತ್ತು, ಇಳಿದಿರಲಿಲ್ಲ. ಅಂಗಡಿಯ ಮುಂದೆ ಅರಿವೆಯವರು, ಕಿರಾಣಿಯವರು ಕೂತು ಕಾಯುತ್ತಿದ್ದದ್ದು ದೂರದಿಂದಲೇ ಕಂಡಿತ್ತು. "ಇವತ್ತ ನಿಮ್ಮಲ್ಲೇ ಉಣ್ತೀನಿ, ಭಾಳ ದಿನ ಆತು," ಎಂದು ಟೊಪ್ಪಿಗೆ ತೆಗೆದು ಕಿಸೆಗೆ ಹಾಕಿ ಮಡ್‌ಗಾರ್ಡಿನ ಮೇಲೆ ಕುಗ್ಗಿ ಕೂತಿದ್ದರು.

ಮನೆಯಲ್ಲಿ ಅನ್ನ, ಬದನೆಕಾಯಿ ಎಣ್ಣೆಗಾಯಿ, ತೊಗರಿಬೇಳೆ ಸಾರು ಮಾಡಿದೆ. ಬೆಳಗಿನ ಆರು ರೊಟ್ಟಿ ಉಳಿದಿದ್ದವು, ಅವನ್ನೂ ಇಟ್ಟೆ. ಉಣ್ಣುತ್ತ ಭಾವನವರು ಆ ದಿನದ ಕತೆಯನ್ನು ಹೇಳತೊಡಗಿದರು. ಅವರ ಕತೆಯಲ್ಲಿ ಮಷೀನು ಬಹಳ ಚಲೋ ಇತ್ತು, ಹುಲ್ಲು ಬಹಳ ಜೋರಾಗಿತ್ತು, ಟ್ರ್ಯಾಕ್ಟರು ಪಾಪ ತಮ್ಮಂದು, ಏನು ಮಾಡುವುದು. ಮುಂದಿನ ವರ್ಷ ಒಂದು ಐವತ್ತು ಕುದುರೆಯ ಗಾಡಿ ನೋಡಬೇಕು ಎಂದರು.

ನನ್ನ ಮಗಳು ಮರಾಠಿ ಶಾಲೆಯವಳು, ಕನ್ನಡ ತಿಳಿದರೂ ಉತ್ತರ ಮರಾಠಿಯಲ್ಲೇ. ತಲೆ ಎತ್ತಿ, "ಮಗ ಗವತ ಕೋಣೀ ಕಾಪಲಂ, ಕಾಕಾ?" ಎಂದಳು. ಮತ್ತೆ ಹುಲ್ಲು ಕೊಯ್ದವರು ಯಾರು ಎಂದು.

"ಸುಮ್ಮನ ಉಣ್ಣು," ಎಂದೆ ನಾನು, ಬಹಳ ಗಟ್ಟಿಯಾಗಿ ಅಲ್ಲ.

ಭಾವನವರು ಎರಡು ರೊಟ್ಟಿ, ಅನ್ನ ಎರಡು ಸಲ, 'ಬ್ಯಾಡ ಬ್ಯಾಡ' ಎನ್ನುತ್ತ ಮೊಸರು ಉಂಡರು. ನನ್ನ ಗಂಡ ನಾಲ್ಕು ರೊಟ್ಟಿ ಉಂಡರು. ಮಷೀನು ಬಂದ ಮೇಲೆ ಅವರು ಎರಡರ ಮೇಲೆ ಮುಟ್ಟಿರಲಿಲ್ಲ. ನನಗೆ ಅನ್ನ ಸಾರು ಸಾಕಾಯಿತು.

ಭಾವನವರಿಗೆ ಹೊರಗಿನ ಕೋಣೆಯಲ್ಲಿ ಹಾಸಿದೆ. ಎಂಟೂವರೆಗೆ ಭಾಂಡೆ ತಿಕ್ಕಿ ಒಳಗೆ ಬಂದು ನೋಡಿದರೆ ಮಗಳು ಇನ್ನೂ ಎದ್ದು ಪಾಟಿಯ ಮೇಲೆ ಟ್ರ್ಯಾಕ್ಟರು ಬರೆಯುತ್ತಿದ್ದಳು, ಹೊರಗೆ ಭಾವನವರು ಮಗ್ಗಲು ಬದಲಿಸುತ್ತ ಕೆಮ್ಮುತ್ತಿದ್ದರು. ನನ್ನ ಗಂಡ ಅಂಗಿಯನ್ನೂ ತೆಗೆಯದೆ, ಕಿಸೆಯಲ್ಲಿ ಆ ಎರಡು ಪಿನ್ನು ಹಾಗೇ ಇರುವಾಗ, ಗೋಡೆಯ ಕಡೆ ಮುಖ ಮಾಡಿ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದರು.